ಸಹಾಯ ಬೇಕು: ಅಸ್ಸಿ ಚರ್ಚಿನ ಶಿಲುಬೆ ವಿವಾದ, ಫ್ರೆಂಚ್ ಬಲ್ಲವರು ನೋಡಿ

ನಮಸ್ಕಾರ. ಪಿಎಚ್‌ಡಿಗಾಗಿ ಯುದ್ಧಾನಂತರದ ಫ್ರಾನ್ಸ್‌ನ ಚರ್ಚ್ ಕಲೆ ಓದುತ್ತಿದ್ದೇನೆ. ಆಲ್ಪ್ಸ್‌ನ ಅಸ್ಸಿ ಚರ್ಚಿಗೆ ಡೊಮಿನಿಕನ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿ ಕುತೂರಿಯೇ ಆಧುನಿಕ ಕಲಾವಿದರನ್ನೇ ಕರೆತಂದರು. ಭಕ್ತಿಗಿಂತ ಪ್ರತಿಭೆ ಮುಖ್ಯ ಅನ್ನೋದು ಅವರ ಹಟ. ಮುಂಭಾಗದ ಮೊಸಾಯಿಕ್ ಕಮ್ಯುನಿಸ್ಟ್ ಲೆಜೆ ಅವರದು, ಜ್ಞಾನಸ್ನಾನದ ಕೋಣೆಯ ಸೆರಾಮಿಕ್ ಯಹೂದಿ ಶಗಾಲ್ ಅವರದು. ಶಿಲ್ಪಿ ಜೆರ್ಮೇನ್ ರಿಶಿಯೇ ಮಾಡಿದ ಕಂಚಿನ ಕ್ರಿಸ್ತನಿಗೆ ಮುಖವೇ ಇಲ್ಲ, ಮೈ ಒಣಗಿದ ಕೊರಡಿನಂತೆ ಶಿಲುಬೆಗೆ ಬೆಸೆದುಕೊಂಡಿದೆ. 1951ರಲ್ಲಿ ಬಿಷಪ್ ಅದನ್ನು ತೆಗೆಸಿದರು. (ನನ್ನ ಪ್ರಕಾರ ಅಲ್ಲಿದ್ದದ್ದರಲ್ಲಿ ಅದೇ ಶ್ರೇಷ್ಠ ಕೃತಿ!)

ಕುತೂರಿಯೇ ಮತ್ತು ಇನ್ನೊಬ್ಬ ಪಾದ್ರಿ ರೆಗಾಮೆ ನಡೆಸುತ್ತಿದ್ದ ‘ಲಾರ್ ಸಾಕ್ರೆ’ (ಪವಿತ್ರ ಕಲೆ) ಪತ್ರಿಕೆಯ 1950–52ರ ಸಂಚಿಕೆಗಳ ಸ್ಕ್ಯಾನ್ ಬೇಕಿತ್ತು. ಪ್ಯಾರಿಸ್ ಕಡೆ ಇರುವ ಕನ್ನಡಿಗರು ಯಾರಾದರೂ ಲೈಬ್ರರಿಯಲ್ಲಿ ಹುಡುಕಿಕೊಡಬಹುದಾ? ನನ್ನ ಫ್ರೆಂಚ್ ಅಷ್ಟಕ್ಕಷ್ಟೆ. ದೇವಶಾಸ್ತ್ರದ ಭಾಷೆ ಬಲ್ಲವರು ಇದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ.