ಪದ ಬೇಕು (ತುರ್ತು): 1851ರ ಲಂಡನ್ ಬೀದಿಯ ‘ದೊಂಬರಾಟ’?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಒಂದು ಫಲಕ ಅಚ್ಚಿಗೆ ಹೋಗಬೇಕು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ದೊಡ್ಡ ಎಕ್ಸಿಬಿಷನ್ ಮಾಡಿದರಲ್ಲ, ಅದರದ್ದು. ಮೇ 1ರಿಂದ ಅಕ್ಟೋಬರ್ 15ರ ತನಕ ಸುಮಾರು 60 ಲಕ್ಷ ಜನ ನೋಡಿದರು. ಒಳಗೆ ಯಂತ್ರಗಳು, ಕೊಹಿನೂರ್. ನನ್ನ ಫಲಕ ಹೊರಗಿನದು. ಆ ಕಾಲದ ಬೀದಿಯಲ್ಲಿ ಪಂಚ್-ಜೂಡಿ ಕೈಗೊಂಬೆ ಆಡಿಸುವವರು, ಕತ್ತಿ ನುಂಗುವವರು, ಲಾಗ ಹಾಕುವವರು, ಮರಗಾಲು ಕಟ್ಟಿ ನಡೆಯುವವರು, ಪೆಟ್ಟಿಗೆಯ ತೂತಿನಲ್ಲಿ ಚಿತ್ರ ತೋರಿಸುವವರು. ಎಲ್ಲರಿಗೂ ಸೇರಿ ಒಂದು ಪದ ಬೇಕು. ‘ಬೀದಿ ಕಲಾವಿದರು’ ಸರ್ಕಾರಿ ಸುತ್ತೋಲೆಯ ಹಾಗಿದೆ. ಸದ್ಯಕ್ಕೆ ‘ದೊಂಬರಾಟದವರು’ ಅಂತ ಹಾಕಿದ್ದೇನೆ. ನಡೆಯುತ್ತಾ?

ಇನ್ನೊಂದು, ‘ಪೆನ್ನಿ ಗ್ಯಾಫ್’. ಒಂದು ಪೆನ್ನಿ ಕೊಟ್ಟು ಹೋಗುವ ಅಗ್ಗದ ನಾಟಕದ ಜಾಗ. ಹುಡುಗರೇ ಜಾಸ್ತಿ.

ಮರು:
ನಡೆಯಲ್ಲ. ದೊಂಬರು ಅನ್ನುವುದು ಜಾತಿಯ ಹೆಸರು. ‘ಏನಿದು ದೊಂಬರಾಟ’ ಅಂತ ಬೈಯುವುದನ್ನು ಕೇಳಿಲ್ವಾ? ಲಂಡನ್ನಿನ ಬಡವನಿಗೆ ಅದನ್ನು ಯಾಕೆ ಅಂಟಿಸುತ್ತೀರಿ?

ಮರು:
ಅಂಟಿಸುವುದೇನು ಬಂತು, ಅದು ಅಲ್ಲೇ ಇತ್ತು! ಯುರೋಪಿನ ಜಿಪ್ಸಿಗಳು ತಮ್ಮನ್ನು ಕರೆದುಕೊಳ್ಳುವ ‘ರೋಮ್’ ನಮ್ಮ ಕಡೆಯ ‘ಡೋಮ್’ ಅನ್ನುವ ಜಾತಿಯ ಹೆಸರಿನಿಂದಲೇ ಹೋದದ್ದು, ಹೆಚ್ಚಿನ ಪಂಡಿತರು ಒಪ್ಪುತ್ತಾರೆ. ಸಂಸ್ಕೃತದ ಡೋಂಬ, ಕನ್ನಡದ ದೊಂಬ ಅದೇ ಬಳ್ಳಿಯವು. ಇದನ್ನು ತದ್ಭವ ಅಂತ ತಳ್ಳಿಬಿಡುವವರನ್ನು ಕಂಡರೆ ನನಗಾಗದು. ಸಂಸ್ಕೃತವೇ ಇದನ್ನು ಕಡ ತಂದಿದೆ ಅನ್ನುವವನು ನಾನು. ಈ ಬಗ್ಗೆ ಹಿಂದೆಯೂ ಬರೆದಿದ್ದೆ, ಯಾರೂ ಓದಲಿಲ್ಲ.

ಮರು:
ಓದಿದ್ದೆವು. ಪಂಚ್ ಇಟಲಿಯ ಹಾಸ್ಯನಾಟಕದ ಪಾತ್ರ ಪುಲ್ಚಿನೆಲ್ಲಾನ ಮೊಮ್ಮಗ. ಅವನ ಮನೆಗೆ ಡೋಮ್ ಯಾವ ದಾರಿಯಲ್ಲಿ ಬಂದ?

ಫಲಕದವರಿಗೆ: ‘ಬೀದಿ ಆಟದವರು’ ಹಾಕಿ. ಕರಾವಳಿಯಲ್ಲಿ ನಾವು ಯಕ್ಷಗಾನಕ್ಕೂ ಬರೀ ‘ಆಟ’ ಅನ್ನುತ್ತೇವೆ. ಗೊಂಬೆ, ಲಾಗ, ಕತ್ತಿ ಎಲ್ಲ ಅದರೊಳಗೆ ಹಿಡಿಯುತ್ತೆ. ‘ಬೀದಿ ನಾಟಕ’ ಮಾತ್ರ ಬೇಡ, ಓದುವವರಿಗೆ ಡೋಲು, ಘೋಷಣೆ ನೆನಪಾಗುತ್ತೆ. ಗ್ಯಾಫಿಗೆ ‘ಕಾಸಿನಾಟದ ಮನೆ’.

ಮರು:
ಆಟ ಸರಿ. ಆದರೆ ‘ಎಕ್ಸಿಬಿಷನ್’ ಯಾಕೆ? ‘ತೋರ್ಪು’ ಅನ್ನಿ. ‘ಪ್ರದರ್ಶನ’ವೂ ಎರವಲೇ.

ಮರು:
ದಸರಾಕ್ಕೆ ಮೈಸೂರಿಗೆ ಬನ್ನಿ ಸ್ವಾಮಿ. ‘ತೋರ್ಪಿಗೆ ಹೋಗೋಣ’ ಅಂತ ಆಟೋದವರಿಗೆ ಹೇಳಿ, ಎಲ್ಲಿ ಇಳಿಸುತ್ತಾರೆ ನೋಡೋಣ.

ಮರು:
ಆಟೋದವರು ನಿಘಂಟು ಬರೆಯಲ್ಲ.

ಮರು:
ನೀವು ಬರೆದದ್ದನ್ನು ಆಟೋದವರು ಓದಲ್ಲ.

ಮರು:
ಜಗಳದ ನಡುವೆ ಒಂದು ಮಾತು. ಪೆನ್ನಿಗೆ ‘ಕಾಸು’ ತಪ್ಪು. ಒಂದು ಶಿಲಿಂಗಿಗೆ 12 ಪೆನ್ನಿ. ಕಾಸು ಅದಕ್ಕಿಂತ ತುಂಬಾ ಸಣ್ಣದು.

ಮರು (ಕೇಳಿದವಳು):
ಲೆಕ್ಕ ಕೊಟ್ಟದ್ದಕ್ಕೆ ಥ್ಯಾಂಕ್ಸ್, ಅದನ್ನೇ ಫಲಕಕ್ಕೆ ಸೇರಿಸಿದೆ: ಅಗ್ಗದ ದಿನಗಳಲ್ಲೂ ಗಾಜಿನ ಅರಮನೆಗೆ ಒಂದು ಶಿಲಿಂಗ್. ಅದೇ ದುಡ್ಡಿಗೆ ಹೊರಗೆ ಗ್ಯಾಫಿನಲ್ಲಿ 12 ಆಟ. ‘ಬೀದಿ ಆಟದವರು’ ಆಯ್ತು. ‘ದೊಂಬರಾಟ’ ತೆಗೆದೆ. ‘ಕಾಸಿನಾಟ’ ಇರಲಿ, ಕಿವಿಗೆ ಚೆನ್ನಾಗಿದೆ. ‘ಎಕ್ಸಿಬಿಷನ್’ ಕೂಡ ಹಾಗೇ ಇದೆ. ಈಗ ತಾನೇ ಕಳಿಸಿಬಿಟ್ಟೆ.

ಮರು:
ಪೆನ್ನಿ ಕಾಸಲ್ಲ ಅಂದೆನಲ್ಲ.