ಹಳೇ ವಿಂಚೆಸ್ಟರ್ ರೈಫಲ್ ಕೊಳ್ಳಲಾ, ಬಿಡಲಾ? ಸಹಾಯ ಬೇಕು

ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ. ನವೆಂಬರ್ 15ಕ್ಕೆ ಇಲ್ಲಿ ಬಂದೂಕಿನ ಜಿಂಕೆ ಬೇಟೆ ಶುರು. ಪಕ್ಕದ ಬೀದಿಯ ಅಜ್ಜ ಒಬ್ಬರು ತಮ್ಮ ವಿಂಚೆಸ್ಟರ್ ಮಾಡೆಲ್ 70 ರೈಫಲ್ ಮಾರುತ್ತಿದ್ದಾರೆ. 30-06 ಅಳತೆಯ ತೋಟಾದ್ದು, 1964ರಲ್ಲಿ ಕಂಪನಿ ತಯಾರಿಕೆಯ ವಿಧಾನ ಬದಲಿಸುವುದಕ್ಕಿಂತ ಹಿಂದಿನದು, ಅದಕ್ಕೇ ಇಷ್ಟು ಆಸೆ.

ಬೋಲ್ಟ್ (ನಳಿಗೆಯನ್ನು ಹಿಂದಿನಿಂದ ಮುಚ್ಚುವ ಭಾಗ) ತೆಗೆದು ಟಾರ್ಚ್ ಬಿಟ್ಟು ನೋಡಿದೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಚೂಪಾಗಿವೆ, ತುಕ್ಕಿಲ್ಲ. ಸ್ಕ್ರೂ ತಲೆಗಳೂ ಸವೆದಿಲ್ಲ. ಹಿಂದಿನ ಮರ ಕೊಯ್ದು ಯಾರೋ ರಬ್ಬರ್ ಪ್ಯಾಡ್ ಹಾಕಿದ್ದಾರೆ, ಹೋಗಲಿ ಬಿಡಿ.

ತಲೆ ಕೆಟ್ಟಿರುವುದು ಹೆಡ್‌ಸ್ಪೇಸ್ ವಿಚಾರಕ್ಕೆ, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾ ಕೂರಲು ಉಳಿಯುವ ಜಾಗದ ಉದ್ದ. ಅದನ್ನು ಅಳೆಯುವ ಗೇಜ್‌ಗಳನ್ನು ಗೆಳೆಯನಿಂದ ತಂದು ಹಾಕಿದೆ. ನೋ-ಗೋ ಗೇಜಿಗೂ (ಹೊಸ ಬಂದೂಕಿನ ಮಿತಿ) ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳುತ್ತದೆ! ಫೀಲ್ಡ್ ಗೇಜಿಗೆ (ಬಳಸಿದ ಬಂದೂಕಿನ ಕೊನೆಯ ಮಿತಿ) ಮಾತ್ರ ಮುಚ್ಚುವುದಿಲ್ಲ. ಹಳೇದಕ್ಕೆ ಅಷ್ಟು ಇದ್ದೇ ಇರುತ್ತೆ ಅನ್ನುತ್ತಾರೆ ಅಜ್ಜ.

ಇದರಲ್ಲಿ ಅಂಗಡಿಯ ಹೊಸ ತೋಟಾ ಹಾಕಿ ಹೊಡೆಯಬಹುದಾ, ಇಲ್ಲ ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿಯವರಿಗೆ) ತೋರಿಸುವ ತನಕ ಮುಂಗಡ ಕೊಡಬಾರದಾ?