1008, 1022, 1036: ಮೂರು ಪೀಕ್ ಯಾಕೆ ಬಂದವು?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿ, ಗೋವಾದ ವಾಸ್ಕೋ): ಅಕ್ಕಾ, ಮಳೆಗಾಲದಲ್ಲಿ ನಮ್ಮ ಬೀಚಿಗೆ ಡಾಂಬರಿನ ಉಂಡೆಗಳು ಬಂದು ಬೀಳುತ್ತವಲ್ಲ, ಅವುಗಳ ಕೆಳಗಿನ ಮರಳಿನಿಂದ ಒಂದು ಬ್ಯಾಸಿಲಸ್ ಬ್ಯಾಕ್ಟೀರಿಯಾ ಬೆಳೆಸಿದ್ದೇನೆ. ಫ್ಲಾಸ್ಕ್ ಅಲ್ಲಾಡಿಸಿದರೆ ಸೋಪಿನ ಹಾಗೆ ನೊರೆ. ಆಸಿಡ್ ಹಾಕಿ ಪಿಎಚ್ 2ಕ್ಕೆ ಇಳಿಸಿದೆ. ತಳಕ್ಕೆ ಕೂತದ್ದನ್ನು ಮೆಥನಾಲ್‌ನಲ್ಲಿ ಕರಗಿಸಿ, ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟೆ. 1008, 1022, 1036 ಅಂತ ಮೂರು ಪೀಕ್ ಬಂದಿವೆ. ಸ್ಯಾಂಪಲ್ ಕೆಟ್ಟಿದೆಯಾ? ಟಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರೆ ಮಾಡುವ ತೆಳು ಪದರ) ಪ್ಲೇಟಿಗೆ ಅಮೈನೋ ಆಮ್ಲ ತೋರಿಸುವ ನಿನ್‌ಹೈಡ್ರಿನ್ ಹೊಡೆದರೆ ನೇರಳೆ ಬಣ್ಣಾನೂ ಬರಲಿಲ್ಲ.

ಉತ್ತರ (ರಸಾಯನಶಾಸ್ತ್ರಜ್ಞೆ, ಪುಣೆ): ಕೆಟ್ಟಿಲ್ಲ ತಮ್ಮಾ. ಒಂದರಿಂದ ಇನ್ನೊಂದನ್ನು ಕಳೆದು ನೋಡು, ಎರಡು ಕಡೆಯೂ 14. ಒಂದು ಕಾರ್ಬನ್, ಎರಡು ಹೈಡ್ರೋಜನ್, ಅಷ್ಟೇ. ಅಣು ಒಂದೇ, ಕೊಬ್ಬಿನಾಮ್ಲದ ಬಾಲ ಮಾತ್ರ 13, 14, 15 ಕಾರ್ಬನ್ ಉದ್ದ. ನೋಡಿದರೆ ಸರ್ಫ್ಯಾಕ್ಟಿನ್ ಅನ್ನಿಸುತ್ತದೆ, ಬ್ಯಾಕ್ಟೀರಿಯಾ ಮಾಡುವ ಸೋಪಿನಂಥ ಅಣು. 1968ರಲ್ಲಿ ಜಪಾನಿನವರು ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಕಂಡುಹಿಡಿದದ್ದು. 1044, 1058 ಕಂಡರೂ ಗಾಬರಿ ಬೇಡ, ಅದು ಹೈಡ್ರೋಜನ್ ಬದಲು ಸೋಡಿಯಂ ಅಂಟಿಕೊಂಡದ್ದು. ಉಪ್ಪು ಹಾಕಿದ ಮೀಡಿಯಾ ಅಲ್ವಾ?

ಬಣ್ಣ ಬರದೇ ಇದ್ದದ್ದೇ ಒಳ್ಳೆಯ ಸುಳಿವು. ಕೋಡುಬಳೆ ನೆನಪಿಸಿಕೋ. ಏಳು ಅಮೈನೋ ಆಮ್ಲಗಳ ಸರ, ಎರಡು ತುದಿಯನ್ನೂ ಕೊಬ್ಬಿನಾಮ್ಲ ಹಿಡಿದುಕೊಂಡಿದೆ. ನಿನ್‌ಹೈಡ್ರಿನ್‌ಗೆ ಬೇಕಾದ ಬಿಡಿ ಅಮೈನ್ ತುದಿಯೇ ಇಲ್ಲ. 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ 110 ಡಿಗ್ರಿಗೆ 24 ಗಂಟೆ ಕಾಯಿಸಿ ಮತ್ತೆ ಪ್ಲೇಟ್ ಹಾಕು. ಆಗ ಸರ ಬಿಡಿಬಿಡಿಯಾಗಿ ಬಣ್ಣ ಬರಬೇಕು.

ಪ್ರಶ್ನೆ: ಹಾಗಾದರೆ ಸರ್ಫ್ಯಾಕ್ಟಿನ್ ಅಂತ ಬರೆದುಬಿಡಲಾ?

ಉತ್ತರ: ಸುಮ್ನೆ ತೂಕ ನೋಡಿ ಬರೆಯಬೇಡ. ಲೈಕೆನೈಸಿನ್ ಅಂತ ಇದರ ಸೋದರ ಇದೆ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ಗ್ಲುಟಮಿನ್, ತೂಕದಲ್ಲಿ ಒಂದೇ ಒಂದು ಕಮ್ಮಿ. ಸರಿಯಾದ ಮಷಿನ್‌ನಲ್ಲಿ ದಶಮಾಂಶದವರೆಗೆ ಓದಿಸು.

ಆಮೇಲೆ ಸರದಲ್ಲಿ ಅಮೈನೋ ಆಮ್ಲಗಳ ಕ್ರಮ. ಬಳೆಯನ್ನು ಮಷಿನ್‌ನಲ್ಲಿ ಹಾಗೇ ಒಡೆದರೆ ಎಲ್ಲೆಲ್ಲೋ ಬಿಚ್ಚಿಕೊಳ್ಳುತ್ತದೆ, ತುಂಡುಗಳನ್ನು ಓದೋಕೆ ತಲೆನೋವು. ಮೊದಲು ಕ್ಷಾರದಲ್ಲಿ ಎಸ್ಟರ್ ಗಂಟು (ಸರದ ಒಂದು ತುದಿ ಕೊಬ್ಬಿನಾಮ್ಲಕ್ಕೆ ಸೇರುವ ಜಾಗ) ಬಿಚ್ಚು. ನೀರು ಸೇರಿ 1036 ಇದ್ದದ್ದು 1054 ಆಗುತ್ತದೆ. ಈಗ ಒಡೆದರೆ ಜಾಸ್ತಿ ಗೊಂದಲ ಇಲ್ಲ: ತೂಕದಲ್ಲಿ 113 ಕಳೆದರೆ ಲ್ಯೂಸಿನ್, 99 ವ್ಯಾಲಿನ್, 115 ಆಸ್ಪಾರ್ಟಿಕ್, 129 ಗ್ಲುಟಾಮಿಕ್. ಐಸೋಲ್ಯೂಸಿನ್ನೂ 113 ಅನ್ನೋದು ಮರೆಯಬೇಡ. ಅದನ್ನು ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಯಂತ್ರ) ಬಿಡಿಸುತ್ತದೆ. ನಾಲ್ಕು ಲ್ಯೂಸಿನ್‌ಗಳಲ್ಲಿ ಎರಡು ಡಿ ರೂಪದವು (ಕನ್ನಡಿಯ ಪ್ರತಿಬಿಂಬದಂಥವು), ತೂಕಕ್ಕೆ ಅದೂ ಗೊತ್ತಾಗಲ್ಲ. ಅದಕ್ಕೆ ಆ ರೂಪಗಳನ್ನು ಬೇರೆ ಮಾಡಿ ತೋರಿಸುವ ಮಾರ್ಫಿ ರೀಏಜೆಂಟ್.

ಇನ್ನೊಬ್ಬರು (ಮುಂಬೈ ಹತ್ತಿರದ ಡೊಂಬಿವಲಿ): ಮೇಡಂ, ನಾನು ಹೋಟೆಲ್‌ನವನು. ಇದು ಪಾತ್ರೆ ತೊಳೆಯೋಕೆ ಬರುತ್ತದೆಯೇ?

ಉತ್ತರ: ಕೆಲಸವೇನೋ ಅದೇ ಸರ್. ನೀರಿನ ಮೇಲ್ಮೈ ಸೆಳೆತ 72 ಮಿಲಿನ್ಯೂಟನ್/ಮೀಟರ್ ಇರುವುದು 27ಕ್ಕೆ ಇಳಿಯುತ್ತದೆ. ಆದರೆ ದರ ಕೇಳಿದರೆ ನೀವು ಮತ್ತೆ ಸೋಪಿಗೇ ಹೋಗುತ್ತೀರಿ.

ತಮ್ಮಾ, ಆಸಿಡ್ ಕಾಯಿಸುವಾಗ ಗಾಜಿನ ಕೊಳವೆಯ ಬಾಯಿ ಕರಗಿಸಿಯೇ ಮುಚ್ಚು, ಫ್ಯೂಮ್ ಹುಡ್ ಒಳಗೇ ಇಡು. ನಾನು ಒಮ್ಮೆ ಮಾಮೂಲಿ ಮುಚ್ಚಳದ ಸೀಸೆ ಇಟ್ಟಿದ್ದೆ. ಬೆಳಿಗ್ಗೆ ಬಂದರೆ ಗಾಜಿನ ಚೂರು ಮಾತ್ರ ಇತ್ತು.